ಬಾವಿ ಕಾಣದ ಊರಿನ ಚಿತ್ರ

ನನ್ನ ಮೊಮ್ಮಗಳು ಭೂಮಿಕಾ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಚಿತ್ರಕಲೆ ಕಲಿಯಲು ಕಾಲೇಜು ಸೇರಿದ್ದಾಳೆ. ಹಿಗ್ಗಿ ಹೀರೇಕಾಯಿ ಆಗಿದ್ದೇನೆ, ಮುಚ್ಚಿಡುವುದೇಕೆ? ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಗುರುತಿನವರಿಗೆ ಹೇಳಿದ್ದಾಯಿತು, ಗುರುತಿಲ್ಲದವರಿಗೂ ಹೇಳಿದ್ದಾಯಿತು. ಚಹಾದಂಗಡಿಯವನು, "ಅಜ್ಜಾ, ನಿನ್ನೇನೂ ಇದನ್ನ ಹೇಳಿದ್ರಿ" ಅಂದ. "ಇವತ್ತೂ ಕೇಳಲೇ, ಚಹಾ ಕುಡಿಯಾಕತ್ತೀನಲ್ಲ" ಅಂದೆ. ನಮ್ಮ ಮನೆತನದಲ್ಲಿ ಬಣ್ಣದ ಕೆಲಸವನ್ನು ಕಾಲೇಜಿನಲ್ಲಿ ಕೂತು, ನೆರಳಲ್ಲಿ, ಫ್ಯಾನಿನ ಗಾಳಿಯಲ್ಲಿ ಕಲಿಯುವವಳು ಇವಳೇ ಮೊದಲು.

ಮೊನ್ನೆ ಫೋನ್ ಮಾಡಿದ್ದಳು.

"ಅಜ್ಜಾ, ನಮ್ಮ ಸರ್ ಎಲ್ಲಾರಿಗೂ ಎಣ್ಣಿಬಣ್ಣದಾಗ ಒಂದು ಹಳ್ಳಿ ತೆಗೀರಿ ಅಂದಾರ. ಅದಕ್ಕ ನಾವು ಗೆಳತ್ಯಾರು ಕೂಡಿ ಮುಳುಗಡಿ ಮಂದಿ ಕಟ್ಟಿದ ಹೊಸ ಊರಿನ ಬೀರಪ್ಪನ ಗುಡಿಗೆ ಹೋಗಿ ನಿನ್ನ ಚಿತ್ರ ನೋಡಿ ಬಂದ್ವಿ."

"ಹೆಂಗೈತಿ?"

"ಭಾಳ ಚಲೋ ಐತಿ. ಆದ್ರ ಅಲ್ಲಿ ಮಂದಿ ಅದಕ್ಕ ಬಾವಿ ಕಾಣದ ಚಿತ್ರ ಅಂತಾರ. ಹಳೇ ಊರಾಗ ಬಾವಿ ಇತ್ತಂತ, ನೀ ತೆಗಿಲಿಲ್ಲಂತ. ಖರೇನ ಅಜ್ಜಾ?"

"ಅದು ಫೋನಿನ್ಯಾಗ ಹೇಳೋ ಮಾತಲ್ಲವ್ವಾ."

"ಹಂಗಾರ ಬರದು ಕೊಡು. ನಮ್ಮ ಕ್ಲಾಸಿನವ್ರೆಲ್ಲಾ ಓದ್ತೇವಿ."

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ಅಂಗಡಿ ಬೋರ್ಡಿನ ಮೇಲೆ ಸಾವಿರಾರು ಅಕ್ಷರ ಬರೆದಿದ್ದೇನೆ, ಎಲ್ಲವೂ ಬೇರೆಯವರ ಹೆಸರು. ನನ್ನದೇ ಮಾತು ಬರೆಯಲು ಕೂತಿರುವುದು ಈಗಲೇ. ಮೊಮ್ಮಗಳು ಕೇಳಿದ್ದಾಳೆ ಎಂಬ ಸಂತೋಷ ಒಂದಿಲ್ಲದಿದ್ದರೆ ಆ ಬಾವಿಯ ಹತ್ತಿರ ಮತ್ತೆ ಹೋಗುತ್ತಿರಲಿಲ್ಲ. ಹೆಣ್ಣುಮಗಳೊಬ್ಬಳ ಹೊಟ್ಟೆಯ ಸಂಕಟ ಅದರೊಳಗಿತ್ತು. ಆ ಬಾವಿ ಗುಡಿಯ ಗೋಡೆಗೆ ಏರಬೇಕೋ ಬೇಡವೋ ಎನ್ನುವುದು ನನ್ನ ಕುಂಚಕ್ಕೆ ಬಂದು ನಿಂತಿತ್ತು. ಅಲ್ಲಿಗೆ ಬರುವ ಮೊದಲು ಈ ಕೆಲಸವನ್ನು ನಾನು ಹೇಗೆ ಕಲಿತೆ ಎಂಬುದನ್ನು ಹೇಳಬೇಕು. ಅದು ತಿಳಿಯದಿದ್ದರೆ ಬಾವಿಯ ವಿಷಯ ತಿಳಿಯುವುದಿಲ್ಲ. ನನಗೆ ಹಾಕಿದ ಶಾಲು, ಹಾರಗಳ ಸುದ್ದಿ ಇಲ್ಲಿ ಬರುವುದಿಲ್ಲ. ಶಾಲನ್ನು ನಿಮ್ಮ ಅಜ್ಜಿ ಆಗಲೇ ಹೊದ್ದು ಹರಿದಿದ್ದಾಳೆ.

ಇಳಕಲ್ಲಿನ ನೇಕಾರರ ಮನೆ ನಮ್ಮದು. ಅಪ್ಪ ಕುಣಿಯ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ. ನನಗೆ ಮಗ್ಗ ಒಲಿಯಲಿಲ್ಲ. ಬೋರ್ಡು ಬರೆಯುವ ಕೆಲಸಕ್ಕೆ ಬಿದ್ದೆ. ಕಿರಾಣಿ ಅಂಗಡಿ, ದವಾಖಾನೆ, ಲಾರಿಯ ಹಿಂದಿನ ಹಲಗೆ, ಏನು ಬಂದರೂ ಬರೆಯುತ್ತಿದ್ದೆ. ಮದುವೆಯಾಗಿ ಮಗನೂ ಹುಟ್ಟಿದ ಮೇಲೆ ಒಂದು ಸಲ ಬದಾಮಿಯ ಖಾನಾವಳಿಯೊಂದಕ್ಕೆ ಬೋರ್ಡು ಬರೆಯಲು ಹೋದೆ. ಅಲ್ಲಿ ಹೊಂಡದ ದಂಡೆಯ ಮೇಲೆ ಒಬ್ಬ ಹಿರಿಯರು ಕೊಡೆ ಕಟ್ಟಿಕೊಂಡು, ಸ್ಟ್ಯಾಂಡಿನ ಮೇಲೆ ಕ್ಯಾನ್ವಾಸು ನಿಲ್ಲಿಸಿಕೊಂಡು ಚಿತ್ರ ತೆಗೆಯುತ್ತಿದ್ದರು. ಸಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಎಲ್ಲರೂ ಮಾಸ್ತರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಎದುರಿಗೆ ಅಷ್ಟು ಚೆಂದದ ಗುಡಿ ಇದ್ದರೂ ಅದಕ್ಕೆ ಬೆನ್ನು ಮಾಡಿ, ಮಣ್ಣಿನ ಮನೆಗಳನ್ನೂ ಒಂದು ತಿಪ್ಪೆಯನ್ನೂ ತೆಗೆಯುತ್ತಿದ್ದರು.

"ಗುಡಿ ಬಿಟ್ಟು ತಿಪ್ಪಿ ಯಾಕ್ರಿ?" ಅಂದೆ.

"ಗುಡಿ ತೆಗಿಯಾಕ ದೇಶದ ಮಂದಿ ಬರ್ತೈತಿ. ತಿಪ್ಪಿಗೆ ಯಾರದಾರ? ನಾ ಒಬ್ಬಾಂವ" ಅಂದರು.

ನನಗೂ ಚಿತ್ರ ಬರುತ್ತದೆ ಎಂದು ಜಂಬ ಕೊಚ್ಚಿಕೊಂಡೆ. ಮುಂದಿನ ವಾರ ನಾನು ತೆಗೆದ ಒಂದು ಹಳ್ಳಿಯ ಚಿತ್ರ ಒಯ್ದು ತೋರಿಸಿದೆ. ಗುಡಿಸಲು, ತೆಂಗಿನ ಮರ, ಮುಂದೆ ಹೊಳೆ, ಎರಡು ಗುಡ್ಡಗಳ ನಡುವೆ ಸೂರ್ಯ. ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಈ ತೆಂಗಿನ ಗಿಡ ಯಾವ ಊರಾಗ ನೋಡಿದಿ?"

"ಕ್ಯಾಲೆಂಡರಿನ್ಯಾಗ್ರಿ."

"ಹಂಗಾರ ಇದು ಕ್ಯಾಲೆಂಡರಿನ ಚಿತ್ರ ಆತು. ಊರಿನ ಚಿತ್ರ ಯಾವಾಗ ತೆಗೀತಿ?"

ಅವತ್ತಿನಿಂದ ಅವರನ್ನು ಬಿಡಲಿಲ್ಲ. ಬೋರ್ಡಿನ ಕೆಲಸ ಮುಗಿಸಿ ಬಸ್ಸು ಹತ್ತಿ ಬದಾಮಿಗೆ ಓಡುತ್ತಿದ್ದೆ. ಅವರದು ಒಂದೇ ಕಟ್ಟಳೆ: ಕಂಡದ್ದನ್ನು ಬಿಡಬೇಡ, ಕಾಣದ್ದನ್ನು ತುಂಬಬೇಡ. ಕೇಳಲು ಸಣ್ಣ ಮಾತು. ಅದರ ಕೆಳಗೆ ನನ್ನ ಆಯುಷ್ಯವೇ ಸವೆಯಿತು.

ಮೊದಲ ಪಾಠ ಎರೆ ಹೊಲದ್ದು. ಐಹೊಳೆಯ ಆಚೆ, ಜೋಳ ಕೊಯ್ದ ಹೊಲದ ಬದುವಿನ ಮೇಲೆ ನನ್ನನ್ನು ನಿಲ್ಲಿಸಿ, "ಈ ನೆಲ ತೆಗಿ" ಅಂದರು. ಎರೆ ನೆಲ ಕಪ್ಪು, ಅದರಲ್ಲೇನಿದೆ ಎಂದು ಕಪ್ಪು ಬಣ್ಣದ ಟ್ಯೂಬು ಹಿಚುಕಿದೆ. ಮಾಸ್ತರರು ಆ ಟ್ಯೂಬು ಕಸಿದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಮತ್ತೆಂದೂ ಕೊಡಲಿಲ್ಲ.

"ಕಣ್ಣು ಸಣ್ಣ ಮಾಡಿ ನೋಡು. ಕರ್ರಗೈತೇನು?"

ನೋಡಿದೆ. ಬೆಳಗಿನ ಹೊತ್ತು ಅದು ಬದನೆಕಾಯಿಯ ಸಿಪ್ಪೆಯ ಬಣ್ಣ. ಬಿಸಿಲೇರಿದಂತೆ ಒಲೆಯ ಬೂದಿ. ಸಂಜೆಗೆ ಬಿರುಕಿನ ಅಂಚಿಗೆಲ್ಲ ಕೆಂಪು ಹತ್ತಿತು. ನೀಲಿಗೆ ಸುಟ್ಟ ಕಂದು ಬೆರೆಸಿ, ಚೂರು ಬಿಳಿ ಮುಟ್ಟಿಸಿ ಅದನ್ನು ಹಿಡಿಯುವುದು ಕಲಿಯಲು ಒಂದು ಬೇಸಿಗೆ ಹೋಯಿತು. ಆ ಬೇಸಿಗೆಯಲ್ಲಿಯೇ ಅಪ್ಪ ತೀರಿಕೊಂಡ. ನಾನು ಹೊಲದಲ್ಲಿ ನಿಂತಾಗ ಸುದ್ದಿ ಬಂತು. ಅಪ್ಪನನ್ನು ಮಣ್ಣು ಮಾಡುವಾಗ ಕುಣಿಯ ಪಕ್ಕದ ಮಣ್ಣಿನ ರಾಶಿಯಲ್ಲಿ ನೆರಳು ಯಾವ ಬಣ್ಣಕ್ಕಿದೆ ಎಂದು ನನ್ನ ಕಣ್ಣು ತನ್ನಷ್ಟಕ್ಕೆ ತಾನೇ ನೋಡುತ್ತಿತ್ತು. ಈ ಕೆಲಸ ಕಲಿತ ಕಣ್ಣು ಎಲ್ಲಿಯೂ ಸುಮ್ಮನಿರುವುದಿಲ್ಲ, ಅಳುವಾಗಲೂ. ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿರಿ.

ಎಣ್ಣೆಬಣ್ಣದಲ್ಲಿ ಮೊದಲು ತೆಳ್ಳಗಿನದು, ಆಮೇಲೆ ಜಿಡ್ಡಿನದು. ಕೆಳಗಿನ ಪದರಿಗೆ ಟರ್ಪೆಂಟೈನು ಹೆಚ್ಚು, ಮೇಲೆ ಮೇಲೆ ಹೋದಂತೆ ಅಗಸೆ ಎಣ್ಣೆ ಹೆಚ್ಚು. ಇದು ತಲೆಗೆ ಹತ್ತದೆ ನಾನು ಒದ್ದಾಡುವಾಗ ಮಾಸ್ತರರು, "ರೊಟ್ಟಿ ಮ್ಯಾಲ ಬೆಣ್ಣಿ ಹಚ್ಚಿದ್ರ ನಿಲ್ಲತೈತಿ. ಬೆಣ್ಣಿ ಮುದ್ದಿ ಮ್ಯಾಲ ರೊಟ್ಟಿ ಇಟ್ಟು ನೋಡು, ಜಾರಿ ಬೀಳತೈತಿ. ಅಷ್ಟ ಐತಿ" ಅಂದರು. ಅದು ಹತ್ತಿತು. ಆದರೆ ಎಣ್ಣೆಯಲ್ಲಿಯೇ ಮೋಸಹೋದೆ. ಸೀಸೆಯಲ್ಲಿ ಬರುವ ಎಣ್ಣೆ ತುಟ್ಟಿ. ನಮ್ಮ ಸೀಮೆಯಲ್ಲಿ ಅಗಸೆಗೆ ಬರವೇ ಎಂದು ಹುನಗುಂದದ ಗಾಣಕ್ಕೆ ಹೋಗಿ ಡಬ್ಬಿ ತುಂಬ ತಂದೆ. ಅಲ್ಲಿ ಅದಕ್ಕೆ ಮೊದಲು ಶೇಂಗಾ ಆಡಿಸಿದ್ದರು, ಅದರ ಎಣ್ಣೆ ಇದಕ್ಕೆ ಕೂಡಿತ್ತು. ಶೇಂಗಾ ಎಣ್ಣೆ ಒಣಗುವ ಜಾತಿಯದಲ್ಲ ಎಂದು ನನಗೇನು ಗೊತ್ತು?

ಹೊಲದ ಮೇಲೆ ದೊಡ್ಡ ಆಕಾಶ ಇದ್ದ ಚಿತ್ರವನ್ನು ಅದರಲ್ಲಿ ತೆಗೆದು ಮನೆಯ ಪಡಸಾಲೆಯಲ್ಲಿ ಒಣಗಲು ಇಟ್ಟೆ. ವಾರ ಕಳೆಯಿತು, ತಿಂಗಳು ಕಳೆಯಿತು, ಮುಟ್ಟಿದರೆ ಅಂಟು. ನಮ್ಮ ಓಣಿಯ ಹಿಂದೆ ಗ್ರಾನೈಟ್ ಕಲ್ಲಿಗೆ ಪಾಲಿಶ್ ಮಾಡುವ ಶೆಡ್ಡುಗಳು. ಅಲ್ಲಿಂದ ಹಾರಿದ ಕಲ್ಲಿನ ಪುಡಿ ಬಂದು ಬಂದು ಆಕಾಶಕ್ಕೆ ಹತ್ತಿತು. ನಿಮ್ಮ ಅಜ್ಜಿ ಒಂದು ದಿನ ಬೆರಳಿಟ್ಟು ನೋಡಿದಳು.

"ನಿಮ್ಮ ಆಕಾಶ ಅರಬಿ ಒಗಿಯೋ ಕಲ್ಲು ಆಗೇತಿ ನೋಡ್ರಿ. ಇಲ್ಲಿ ಪಲ್ಯಕ್ಕ ಎಣ್ಣಿ ಇಲ್ಲ, ಅಷ್ಟೂ ಎಣ್ಣಿ ಮೋಡಕ್ಕ ಕುಡಿಸ್ಯಾರ!"

ನಕ್ಕೆವು. ಆದರೆ ಆ ಪುಡಿ ಕ್ಯಾನ್ವಾಸಿಗಷ್ಟೇ ಹತ್ತಿರಲಿಲ್ಲ. ಆ ಶೆಡ್ಡಿನಲ್ಲಿ ಕಲ್ಲು ತಿಕ್ಕುತ್ತಿದ್ದ ನನ್ನ ತಮ್ಮನ ಎದೆಗೂ ಹತ್ತಿತ್ತು. ಕೆಮ್ಮಿ ಕೆಮ್ಮಿ ಅವನು ಹೋದ ಮೇಲೆ ಆ ಚಿತ್ರವನ್ನು ನಾನು ಮತ್ತೆ ಗೋಡೆಗೆ ತೂಗುಹಾಕಲಿಲ್ಲ. ಮುಖ ಗೋಡೆಗೆ ಮಾಡಿ ಮೂಲೆಯಲ್ಲಿಟ್ಟೆ.

ಕಾಣದ್ದನ್ನು ತುಂಬಬೇಡ ಎಂಬ ಮಾತನ್ನು ಮೀರಿ ಒಂದು ಸಲ ಪೆಟ್ಟು ತಿಂದೆ. ಕಲ್ಲಿನ ಕ್ವಾರಿಯ ಧಣಿಯೊಬ್ಬರು ಹೊಸ ಮನೆ ಕಟ್ಟಿಸಿ, ತಮ್ಮ ಹಳ್ಳಿಯ ದೊಡ್ಡ ಚಿತ್ರ ಬೇಕು, ಊರ ಹಿಂದಿನ ಗುಡ್ಡ ಬರಲೇಬೇಕು ಅಂದರು. ಹೋಗಿ ನೋಡಿದರೆ ಗುಡ್ಡ ಇಲ್ಲ. ನೀರು ನಿಂತ ದೊಡ್ಡ ಕುಣಿ.

"ಗುಡ್ಡ ಎಲ್ಲೈತ್ರಿ ಧಣ್ಯಾರ?"

"ಇತ್ತು. ನಾವ ಕಡದ್ವಿ. ನೀ ಹಿಂದಿನಂಗ ತೆಗಿ."

ಊರಿನ ಮುದುಕರನ್ನು ಕೇಳಿದೆ. ಒಬ್ಬರು ಅದರ ನೆತ್ತಿ ಚೂಪಾಗಿತ್ತು ಅಂದರು. ಇನ್ನೊಬ್ಬರು, "ಏ, ಎತ್ತಿನ ಹೆಗಲ ಮ್ಯಾಲಿನ ಇಣಿ ಇದ್ದಂಗ ದುಂಡಗಿತ್ತು, ಚೂಪ ಎಲ್ಲಿತ್ತಲೇ, ನಿನ್ನ ಮೂಗ ಚೂಪ ಐತಿ" ಎಂದು ಜಗಳಕ್ಕೇ ನಿಂತರು. ಹುಟ್ಟಿದಾಗಿನಿಂದ ನೋಡಿದ ಗುಡ್ಡದ ಆಕಾರ ಯಾರಿಗೂ ಗಟ್ಟಿಯಾಗಿ ನೆನಪಿಲ್ಲ. ಅವರವರ ಮಾತು ಕೂಡಿಸಿ ಒಂದು ಗುಡ್ಡ ತೆಗೆದೆ. ಧಣಿಯ ತಾಯಿ ಅದರ ಮುಂದೆ ಬಹಳ ಹೊತ್ತು ನಿಂತು, "ಇದು ಯಾರ ಊರಿನ ಗುಡ್ಡಪ್ಪಾ?" ಎಂದು ಕೇಳಿದರು. ಧಣಿ ತಲೆ ಕೆಳಗೆ ಹಾಕಿದರು.

ಇದನ್ನು ಹೇಳಲು ಬದಾಮಿಗೆ ಹೋದಾಗ ಮಾಸ್ತರರು ಬೈಯಲಿಲ್ಲ. ಬೈಯುವ ಶಕ್ತಿ ಉಳಿದಿರಲಿಲ್ಲ. ಕಣ್ಣಿನ ದೃಷ್ಟಿ ಕಳೆಯುತ್ತ ಬಂದಿತ್ತು, ಆಪರೇಶನ್ ಆದರೂ ತಿರುಗಿ ಬರಲಿಲ್ಲ. ಹೊಂಡದ ದಂಡೆಯ ಮೇಲೆ ಕ್ಯಾನ್ವಾಸು ಇಟ್ಟುಕೊಂಡು, "ಈರಣ್ಣ, ಆಕಾಶ ಹೆಂಗೈತಿ ಹೇಳು" ಅಂದರು. ಮೇಲೆ ಹೀಗೆ, ಕೆಳಗೆ ಹೀಗೆ ಎಂದು ಹೇಳಿದೆ. ನನ್ನ ಮಾತು ಕೇಳಿ ಕುಂಚ ಆಡಿಸಿದರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು.

"ಈಗ ನಾನ ಕಾಣದ್ದು ತೆಗಿಯಾಕತ್ತೀನಲ್ಲೋ" ಅಂದರು.

ಕುಂಚಗಳನ್ನು ಸೋಪು ಹಚ್ಚಿ ತೊಳೆದರು. ನೀರು ತಿಳಿಯಾಗುವವರೆಗೂ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟರು.

ಅದರ ಮುಂದಿನ ಬೇಸಿಗೆಯಲ್ಲಿ ಆ ಬಾವಿಯ ಊರಿನವರು ನನ್ನನ್ನು ಹುಡುಕಿಕೊಂಡು ಬಂದರು. ಘಟಪ್ರಭೆಯ ದಂಡೆಯ ಮೇಲಿನ ಊರು. ಅಣೆಕಟ್ಟಿನ ಹಿನ್ನೀರು ಆ ಮಳೆಗಾಲಕ್ಕೆ ಅಲ್ಲಿಗೆ ಬರುವುದು ಗಟ್ಟಿಯಾಗಿತ್ತು. ಮೇಲಿನ ದಿಬ್ಬದಲ್ಲಿ ಹೊಸ ಊರು ಎದ್ದಿತ್ತು. ಊರಿನ ಗೌಡರು ಮುಂದಾಗಿ ನಿಂತು ಹೇಳಿದರು: "ಹೊಸ ಊರಾಗ ಬೀರಪ್ಪನ ಗುಡಿ ಕಟ್ಟಿಸಾಕತ್ತೀವಿ. ಅದರ ಪೌಳಿಯಾಗ ಹಳೇ ಊರಿನ ಚಿತ್ರ ಇರ್ಬೇಕು. ನಮ್ಮ ಮೊಮ್ಮಕ್ಕಳು ನೋಡಿದ್ರ, ಇದ ನಮ್ಮೂರು ಅಂತ ತಿಳೀಬೇಕು. ಫೋಟೋ ತೆಗಿಸೀವಿ, ಆದ್ರ ಅದರಾಗ ಊರ ಬಂದೈತಿ, ಜೀವ ಬಂದಿಲ್ಲ."

ನಾನು ಹೋಗುವ ಹೊತ್ತಿಗೆ ಊರು ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತಿತ್ತು. ಮಣ್ಣಿನ ಗೋಡೆಯನ್ನು ಒಯ್ಯಲು ಬರುವುದಿಲ್ಲ, ಕಟ್ಟಿಗೆಯನ್ನು ಒಯ್ಯಬಹುದು. ಅದಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಮಾಳಿಗೆಯ ಮಣ್ಣು ಕೆರೆದು, ಹಾರೆ ಹಾಕಿ, ಜಂತಿ, ತೊಲೆ, ಬಾಗಿಲು, ಚೌಕಟ್ಟುಗಳನ್ನು ಕೀಳುತ್ತಿದ್ದರು. ದಿನವೆಲ್ಲ ದಡ್ ದಡ್ ಸಪ್ಪಳ, ಮುತ್ತಾತನ ಕಾಲದ ಧೂಳು. ಟ್ರ್ಯಾಕ್ಟರಿನಲ್ಲಿ ಬಾಗಿಲುಗಳು ಮಲಗಿ ಹೋಗುತ್ತಿದ್ದವು. ಕುಂಕುಮ, ಅರಿಶಿಣ ಇನ್ನೂ ಅವುಗಳ ಮೇಲೆಯೇ ಇತ್ತು. ಬಾಗಿಲಿಲ್ಲದ ಹೊಸ್ತಿಲಿನ ಮುಂದೆ ಒಬ್ಬಾಕೆ ಸಾರಿಸಿ ರಂಗೋಲಿ ಹಾಕುವುದನ್ನು ಕಂಡೆ.

ಹರೆಯದವರು ನಕ್ಕು ಕಾಡುತ್ತಿದ್ದರು. "ಪೇಂಟರ್, ಲಗೂ ಲಗೂ ತೆಗಿ. ಇಲ್ಲಾಂದ್ರ ನಿನ್ನ ಚಿತ್ರದಾಗಿನ ಜಂತೀನೂ ಕಿತ್ತು ಟ್ರ್ಯಾಕ್ಟರಿಗೆ ಹೇರ್ತೀವಿ!"

ಅವರ ಮಾತು ಸುಳ್ಳಲ್ಲ. ಇವತ್ತು ಗೆರೆ ಎಳೆದ ಮಾಳಿಗೆ ನಾಳೆ ಬಣ್ಣ ಹಾಕಲು ಹೋದರೆ ಇರುತ್ತಿರಲಿಲ್ಲ. ಯಾವುದನ್ನು ಕಂಡದ್ದು ಎನ್ನಲಿ? ಮೊದಲ ತೆಳು ಬಣ್ಣ ಬಿದ್ದ ಹೊತ್ತಿಗೆ ಹೇಗೆ ಕಂಡಿತೋ ಹಾಗೆಯೇ ಎಂದು ಗಟ್ಟಿ ಮಾಡಿಕೊಂಡೆ. ಅದಕ್ಕೇ ನೋಡಿ, ಆ ಚಿತ್ರದಲ್ಲಿ ಕೆಲವು ಮನೆಗೆ ಮಾಳಿಗೆ ಇದೆ, ಕೆಲವಕ್ಕೆ ಇಲ್ಲ.

ನಾನು ನಿಂತಿದ್ದ ಜಾಗ ಪಾರವ್ವ ಎಂಬ ಮುದುಕಿಯ ಮನೆಯ ಕಟ್ಟೆಯ ಪಕ್ಕ. ಕುರಿ ಸಾಕಿದ ಮನೆ, ಬೀರಪ್ಪನ ಒಕ್ಕಲು. ಗಂಡ ಇಲ್ಲ. ಮಗ ಕುರಿಯ ಹಿಂದೆ ಅಡವಿಯಲ್ಲಿ. ಮಾತು ಕಡಿಮೆ. ಮಧ್ಯಾಹ್ನ ತಂಬಿಗೆ ತುಂಬ ಮಜ್ಜಿಗೆ ತಂದಿಟ್ಟು, "ಕುಡಿ ತಮ್ಮಾ" ಎಂದಷ್ಟೇ ಹೇಳಿ, ಉಣ್ಣೆ ಹಿಂಜುತ್ತ ಕೂರುತ್ತಿದ್ದಳು. ಆಕೆಯ ಮನೆಯ ಮುಂದಿನಿಂದ ಒಂದು ಹಾದಿ ಇಳಿದು ಊರ ಬಾವಿಗೆ ಹೋಗುತ್ತಿತ್ತು. ಕಲ್ಲು ಕಟ್ಟಿದ ದೊಡ್ಡ ಬಾವಿ, ಬೇಸಿಗೆಯಲ್ಲಿಯೂ ಸಿಹಿನೀರು.

ಗೆರೆ ಎಳೆಯುತ್ತ ಎಳೆಯುತ್ತ ಬಾವಿಯ ಕಟ್ಟೆಗೆ ಬಂದೆ. ಇದ್ದಲಿನಿಂದ ಅದರ ದುಂಡು ತಿದ್ದುವಾಗ ಬೆನ್ನ ಹಿಂದೆ ಉಣ್ಣೆ ಹಿಂಜುವ ಸಪ್ಪಳ ನಿಂತಿತು.

"ತಮ್ಮಾ, ಅದನ್ನ ಯಾಕ ತೆಗದಿ?"

"ಐತಲ್ಲ ಯವ್ವಾ."

"ಅಳಿಸು."

"ಊರ ಬಾವಿ ಅಲ್ಲೇನು? ಹೆಂಗ ಅಳಿಸ್ಲಿ?"

ಪಾರವ್ವ ಎದ್ದು ಬಂದು ನನ್ನ ಮುಂದೆ ನಿಂತಳು. ಕ್ಯಾನ್ವಾಸನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ನನ್ನ ಮಗಳು ಮಾಯವ್ವ ಗಂಡನ ಮನಿ ಬಿಟ್ಟು ಬಂದಿದ್ಳು. ಮುಂಜಾನೆದ್ದು ಕೊಡ ತಗೊಂಡು ನೀರಿಗೆ ಹೋಗ್ತಿದ್ಳು. ಒಂದು ದಿನ ಹೋದಾಕಿ ಬರ್ಲಿಲ್ಲ. ಊರಾಗ ಕಾಲು ಜಾರಿತು ಅಂತಾರ. ಅನ್ಲಿ. ಆ ಬಾವಿ ಎದುರಿಗೆ ನಾ ಇಷ್ಟು ವರ್ಷ ಬಾಗಲಾ ತೆಗದೀನಿ, ಬಾಗಲಾ ಹಾಕೀನಿ. ನೀರು ಬರತೈತಿ ಅಂತ ಊರ ಮಂದಿ ಎಲ್ಲಾ ಎದಿ ಬಡಕೊಂಡ ಅಳಾಕತ್ತೈತಿ. ನಾ ಒಬ್ಬಾಕಿ ಹೊಳಿಗೆ ಕೈ ಮುಗದೀನಿ. ಬಾ ನಮ್ಮವ್ವಾ, ಅದನ್ನ ಮುಚ್ಚು ಅಂತ. ಈಗ ನೀ ಅದನ್ನ ಹೊತ್ತುಕೊಂಡು ಹೊಸ ಊರಿಗೆ ಬರ್ತಿಯೇನು? ನಾ ದೇವರಿಗೆ ಹೋದಾಗೊಮ್ಮೆ ಅದು ಗ್ವಾಡಿ ಮ್ಯಾಲ ಇರ್ಬೇಕೇನು?"

ನಾನು ಇದ್ದಲು ಕೆಳಗಿಟ್ಟೆ. ಆಕೆ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು.

ಗೌಡರ ಹತ್ತಿರ ಹೋಗಿ ಬಾವಿಯನ್ನು ಬಿಡಬಹುದೇ ಎಂದು ಕೇಳಿದೆ, ಪಾರವ್ವನ ಹೆಸರು ಹೇಳಲಿಲ್ಲ. ಅವರಿಗೆ ತಿಳಿಯದೇ ಇರಲಿಲ್ಲ.

"ಆ ಮುದುಕಿ ಸಂಕಟ ನನಗ ಗೊತ್ತೈತೋ. ಹೆಣಾ ಎತ್ತಾಕ ಹಗ್ಗಾ ಹಿಡಿದಾಂವ ನಾನ" ಅಂದರು. "ಆದ್ರ ಸುತ್ತಲ ಹಳ್ಳಿಯವ್ರು ಬರಗಾಲದಾಗ ಆ ಬಾವಿ ನೀರು ಕುಡದು ಬದುಕ್ಯಾರ. ಅದು ಇಲ್ದ ಊರು ಅದೆಂಥಾ ಊರು? ಬಾವಿ ಇದ್ರ ಚಿತ್ರ ಗುಡಿಗೆ ಬರತೈತಿ. ಇಲ್ದಿದ್ರ ಬರಂಗಿಲ್ಲ."

ಇಬ್ಬರದೂ ಸುಳ್ಳಲ್ಲ. ಬದಾಮಿಗೆ ಹೋಗಿ ಮಾಸ್ತರರ ಮುಂದೆ ಕೂತೆ. ಗೋಡೆಗೆ ಆತು ಕೂತಿದ್ದರು, ನನ್ನ ದನಿ ಬಂದ ಕಡೆ ಮುಖ ತಿರುಗಿಸಿ ಎಲ್ಲ ಕೇಳಿದರು. ಅಳಿಸಿಬಿಡಲೇ ಎಂದು ಕೇಳಿದೆ.

"ಕಾಣತೈತಿ ಅಂದ್ರ ತೆಗಿ. ಕಾಣಂಗಿಲ್ಲಂದ್ರ ಬಿಡು. ಕಣ್ಣಿಲ್ಲದಾವನ್ನ ಕೇಳಾಕ ಬಂದೀಯಲ್ಲ, ನಿನ್ನ ಕಾಲಿಗೇನಾಗೈತಿ?"

ಸಿಟ್ಟು ಬಂತು. ಇಷ್ಟು ದೂರ ಬಂದವನಿಗೆ ಇದೇನು ಮಾತು? ಕಾಲಿಗೇನಾಗಬೇಕು? ಬಸ್ಸಿನಲ್ಲಿ ಕೂತು ಅದನ್ನೇ ಮೆಲುಕು ಹಾಕಿದೆ. ಬಾಗಲಕೋಟೆ ಬರುವ ಹೊತ್ತಿಗೆ ತಿಳಿಯಿತು. ನಾನು ಒಂದೇ ಜಾಗದಲ್ಲಿ ನಾಟಿಕೊಂಡು ನಿಂತಿದ್ದೆ. ಕಂಡದ್ದನ್ನು ಬಿಡಬೇಡ ಎಂದವರು, ಇಲ್ಲಿಯೇ ನಿಲ್ಲು ಎಂದು ಎಂದೂ ಹೇಳಿರಲಿಲ್ಲ.

ಮರುದಿನ ಸ್ಟ್ಯಾಂಡು ಹೊತ್ತು ಊರೆಲ್ಲ ಸುತ್ತಿದೆ. ಹಳೆಯ ಗುಡಿಯ ಕಟ್ಟೆಯ ಮೇಲಿಂದ ಊರು ಚೆನ್ನಾಗಿ ಕಾಣುತ್ತಿತ್ತು. ಗೌಡರ ದೊಡ್ಡ ಮನೆ, ವಾಡೆಯಿಂದ ಕಿತ್ತ ತೊಲೆ ಜಂತಿಗಳ ದೊಡ್ಡ ರಾಶಿ ನಡುವೆ ಬಿದ್ದಿತ್ತು. ಬಾವಿ ಪೂರ್ತಿ ಅದರ ಹಿಂದೆ. ಎಷ್ಟು ಹಣಿಕಿದರೂ ಕಟ್ಟೆಯ ಒಂದು ಕಲ್ಲೂ ಕಾಣಲಿಲ್ಲ. ಅರ್ಧವಾಗಿದ್ದ ಹಳೆಯ ಕ್ಯಾನ್ವಾಸನ್ನು ಸುತ್ತಿಟ್ಟು ಹೊಸದು ಹೂಡಿದೆ.

ಈಗ ನನಗೆ ಗಡುವು ಇಟ್ಟದ್ದು ಹೊಳೆ. ಮೊದಲ ಮಳೆಗಳಾದವು. ಊರ ಕೆಳಗಿನ ಹೊಲದಲ್ಲಿ ಒಂದು ಮುಂಜಾನೆ ನೀರು ಹೊಳೆಯಿತು. ಹರಿದು ಬಂದ ನೀರಲ್ಲ, ಸಪ್ಪಳವಿಲ್ಲದೆ ಏರಿದ ನೀರು. ಇಲಿ, ಹಾವು, ಚೇಳುಗಳು ಮೇಲಿನ ಓಣಿಗೆ ಬಂದವು. ನಾಯಿಗಳು ಟ್ರ್ಯಾಕ್ಟರಿನ ಹಿಂದೆ ಹೊಸ ಊರಿಗೆ ಓಡಿ, ಸಂಜೆಗೆ ತಿರುಗಿ ಖಾಲಿ ಮನೆಗಳ ಮುಂದೆ ಬಂದು ಮಲಗುತ್ತಿದ್ದವು. ನಾನು ಕೊನೆಯ ಜಿಡ್ಡಿನ ಬಣ್ಣ ಹಚ್ಚುವಾಗ ಊರಿನಲ್ಲಿ ಬಾಗಿಲಿದ್ದ ಮನೆ ಪಾರವ್ವನದೊಂದೇ. ಆ ದಿನವೇ ಅವಳ ಮಗ ಅದನ್ನೂ ಕಿತ್ತ. ಪಾರವ್ವ ಮಗನ ಹಿಂದೆ ನಡೆದಳು, ಬಾವಿಯ ಕಡೆ ತಿರುಗಿ ನೋಡಲಿಲ್ಲ.

ಈಗಿನ ಮಕ್ಕಳು ಮೊಬೈಲಿನಲ್ಲಿ ಫೋಟೋ ಹಿಡಿದು, ಮನೆಯಲ್ಲಿ ಕೂತು ನೋಡಿ ತೆಗೆಯುತ್ತಾರೆ. ಭೂಮಿಕಾಳೂ ಹಾಗೇ ಮಾಡುತ್ತಾಳೆ, ಚೆಂದ ಮಾಡುತ್ತಾಳೆ, ನಾನು ಬೇಡ ಎನ್ನುವುದಿಲ್ಲ. ಫ್ಲೆಕ್ಸ್ ಬಂದು ನನ್ನ ಬೋರ್ಡಿನ ಕೆಲಸ ಸತ್ತಾಗಲೂ ನಾನು ಅತ್ತು ಕೂರಲಿಲ್ಲ. ಒಂದೇ ಮಾತು: ಫೋಟೋ ಹಿಡಿಯುವ ಮೊದಲು ಊರನ್ನು ಒಂದು ಸುತ್ತು ಹಾಕಿರಿ. ನೀವು ಎಲ್ಲಿ ನಿಂತಿದ್ದೀರಿ, ಅಲ್ಲಿಂದ ಯಾರ ಏನು ಕಾಣುತ್ತದೆ ಎಂದು ನೋಡಿರಿ. ಚಿತ್ರ ಮುಗಿದ ಮೇಲೆ ನಾವು ಮನೆಗೆ ಹೋಗುತ್ತೇವೆ. ಅದರ ಮುಂದೆ ದಿನಾ ನಿಲ್ಲುವವರು ಬೇರೆ.

ಬಣ್ಣ ಒಣಗಿದ ಮೇಲೆ, ಹಳೆಯ ಊರು ಪೂರ್ತಿ ನೀರೊಳಗೆ ಹೋದ ಮೇಲೆ, ಚಿತ್ರವನ್ನು ಹೊಸ ಗುಡಿಗೆ ಒಯ್ದೆ. ಪೌಳಿಯಲ್ಲಿ ಮಂದಿ ನೆರೆದಿತ್ತು. ಅರಿವೆ ಸರಿಸಿದೊಡನೆ ಗದ್ದಲ ಎದ್ದಿತು. "ಏ, ನಮ್ಮ ತಿಪ್ಪಿ ನೋಡಲೇ!" "ಇದು ನಮ್ಮ ಮಾಳಿಗಿ. ನಿಮ್ಮ ಮಾಳಿಗಿ ಎಲ್ಲೈತಿ?" "ನಾವು ಮೊದಲ ಕಿತ್ತಿದ್ವಲ್ಲ..." ನಗುತ್ತ ಶುರುವಾದ ಮಾತುಗಳು ಒಂದೊಂದಾಗಿ ಅಳುವಿನಲ್ಲಿ ನಿಂತವು. ಒಬ್ಬ ಗಂಡಸು ತನ್ನ ಮಾಳಿಗೆಯಿಲ್ಲದ ಗೋಡೆಯನ್ನು ಕಂಡು ಟವೆಲಿನಿಂದ ಮುಖ ಮುಚ್ಚಿಕೊಂಡ.

ಗೌಡರು ಕೈಯಲ್ಲಿ ಸುತ್ತಿಗೆ ಹಿಡಿದಿದ್ದರು. ಚಿತ್ರದ ಈ ಅಂಚಿನಿಂದ ಆ ಅಂಚಿನವರೆಗೆ ಹುಡುಕಿದರು.

"ಪೇಂಟರ್, ಬಾವಿ ಎಲ್ಲಿ?"

"ನಿಮ್ಮ ವಾಡೇದ ಜಂತಿ ರಾಶಿ ಅಡ್ಡ ಬಂತ್ರಿ ಗೌಡ್ರ. ಅಲ್ಲಿಂದ ಕಾಣಲಿಲ್ಲ."

"ರಾಶಿ ಇವತ್ತಿತ್ತು, ನಾಳೆ ಇಲ್ಲ. ಬಾವಿ ನಮ್ಮ ಅಜ್ಜ ಮುತ್ತಜ್ಜರ ಕಾಲದ್ದು! ತಿದ್ದು. ಇಲ್ಲಾಂದ್ರ ಸುತ್ತಿಕೊಂಡು ನಡಿ."

ಕೆಲವರ ತಲೆ ಗೌಡರ ಮಾತಿಗೆ ಆಡಿತು. ಆಗ ಹಿಂದಿನಿಂದ ಪಾರವ್ವ ಬಂದಳು. ಮಂದಿ ದಾರಿ ಬಿಟ್ಟಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಚಿತ್ರದ ಮುಂದೆ ನಿಂತಳು. ತನ್ನ ಮನೆಯನ್ನು ನೋಡಿದಳು. ಮನೆಯ ಬಾಗಿಲು ನೋಡಿದಳು. ಅಲ್ಲಿಂದ ಆಕೆಯ ಕಣ್ಣು ಕೆಳಗಿಳಿಯಿತು, ಅದರ ಹಿಂದೆಯೇ ನನ್ನದೂ ಇಳಿಯಿತು. ಆಕೆಯ ಬಾಗಿಲಿನಿಂದ ಹೊರಟ ಹಾದಿ, ಹೆಣ್ಣುಮಕ್ಕಳ ಕಾಲು ತುಳಿದು ತುಳಿದು ಬೆಳ್ಳಗಾದ ಹಾದಿ, ಎರೆ ನೆಲದ ನಡುವೆ ಇಳಿದು ಜಂತಿಯ ರಾಶಿಯ ಹಿಂದೆ ಹೋಗಿ ಮರೆಯಾಗಿತ್ತು. ಬಾವಿಯೊಂದನ್ನೇ ತಲೆಯಲ್ಲಿಟ್ಟುಕೊಂಡು, ಕಂಡ ಹಾದಿಯನ್ನು ಕಂಡಂತೆ ತೆಗೆದಿದ್ದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಆ ಊರಿನ ಯಾರಿಗೆ ಗೊತ್ತಿಲ್ಲ?

ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಯವ್ವಾ, ಹಾದಿ ಮುಚ್ಚಿಬಿಡ್ಲೇನು? ಮಣ್ಣಿನ ಬಣ್ಣ ಎಳದ್ರ ಹೋಗತೈತಿ."

ಪಾರವ್ವ ಆ ಹಾದಿಯ ಮೇಲೆ ಬೆರಳಿಟ್ಟಳು.

"ಬ್ಯಾಡ ತಮ್ಮಾ" ಅಂದಳು. "ಈ ಹಾದಿಯಾಗ ನನ್ನ ಮಗಳು ದಿನಾ ತಿರಿಗಿ ಮನಿಗೆ ಬರ್ತಿದ್ಳು. ತುಂಬಿದ ಕೊಡ ಹೊತ್ತು ಬರ್ತಿದ್ಳು. ಅದೊಂದು ದಿನ ಬರ್ಲಿಲ್ಲ, ಅಷ್ಟ."

ಆಮೇಲೆ ಗೌಡರ ಕಡೆ ತಿರುಗಿದಳು.

"ಗೌಡ್ರ, ಬಾವಿ ಎಲ್ಲಿ ಅಂತ ಕೇಳಿದ್ರಲ್ಲ. ನಿಮ್ಮ ಜಂತಿ ಹಿಂದೈತಿ. ನೀರು ಬೇಕಾದಾಕಿ ಹಾದಿ ಹಿಡಿದು ಹೋಗ್ತಾಳ. ಮೊಳಿ ಬಡೀರಿ."

ಗೌಡರು ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಮೊಳೆಯನ್ನು ಗೋಡೆಗೆ ಹಿಡಿದು ಬಡಿದರು. ಪ್ರತಿ ಏಟಿಗೂ ಪಾರವ್ವ ಕಣ್ಣು ಮುಚ್ಚಿ ತೆರೆದಳು, ಆದರೆ ಅಲ್ಲಿಂದ ಸರಿಯಲಿಲ್ಲ.